ಡೆನ್, ಆ್ಯಂಜಿ ಮತ್ತು 1986ರ ಕ್ರಿಸ್‌ಮಸ್: ‘ಈಸ್ಟ್‌ಎಂಡರ್ಸ್’ ಸಂಚಿಕೆಯ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಬಿಬಿಸಿಯ ‘ಈಸ್ಟ್‌ಎಂಡರ್ಸ್’ ಧಾರಾವಾಹಿಯ 1986ರ ಕ್ರಿಸ್‌ಮಸ್ ಸಂಚಿಕೆಯ ಬಗ್ಗೆ ಮಾತಿನಲ್ಲಿ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ತಂದಿದ್ದೇನೆ. ಕೇಳಿದವರ ಮಾತಿನ ಧಾಟಿಯನ್ನು ಆದಷ್ಟೂ ಹಾಗೆಯೇ ಉಳಿಸಿದ್ದೇನೆ. ಧಾರಾವಾಹಿಯ ಹೆಸರನ್ನೇ ಕೇಳದವರು ಮೊದಲಿನಿಂದ ಓದಬಹುದು. ಕಥೆ ಬಲ್ಲವರು ಎರಡನೆಯ ಭಾಗದಿಂದ ಆರಂಭಿಸಿದರೂ ನಷ್ಟವಿಲ್ಲ.

## ಮೊದಲ ಪರಿಚಯ

‘ಈಸ್ಟ್‌ಎಂಡರ್ಸ್’ ಅಂದರೆ ಏನು? ನಮ್ಮ ಸಂಜೆಯ ಧಾರಾವಾಹಿಗಳ ಹಾಗೆಯೇ ಇದೆಯೇ?

ಜೂಲಿಯಾ ಸ್ಮಿತ್ ಮತ್ತು ಟೋನಿ ಹಾಲೆಂಡ್ ಎಂಬಿಬ್ಬರು ರೂಪಿಸಿದ ಈ ಧಾರಾವಾಹಿ 1985ರ ಫೆಬ್ರವರಿ 19ರಂದು ಬಿಬಿಸಿ 1 ವಾಹಿನಿಯಲ್ಲಿ ಆರಂಭವಾಯಿತು, ಇಂದಿಗೂ ನಡೆಯುತ್ತಿದೆ. ಕಥೆ ನಡೆಯುವುದು ಪೂರ್ವ ಲಂಡನ್ನಿನ ವಾಲ್‌ಫರ್ಡ್ ಎಂಬ ಕಲ್ಪಿತ ಬಡಾವಣೆಯ ಆಲ್ಬರ್ಟ್ ಸ್ಕ್ವೇರ್‌ನಲ್ಲಿ. ಆ ಚೌಕಕ್ಕೆ ಮಾದರಿಯಾದದ್ದು ಹ್ಯಾಕ್ನಿಯ ಫ್ಯಾಸೆಟ್ ಸ್ಕ್ವೇರ್. ಆದರೆ ಚಿತ್ರೀಕರಣ ನಡೆಯುವುದು ಲಂಡನ್ನಿನಿಂದ ಹೊರಗೆ, ಹರ್ಟ್‌ಫರ್ಡ್‌ಶೈರಿನ ಬೋರಮ್‌ವುಡ್‌ನಲ್ಲಿರುವ ಎಲ್‌ಸ್ಟ್ರೀ ಸ್ಟುಡಿಯೋದಲ್ಲಿ ಕಟ್ಟಿದ ಬಯಲು ಸೆಟ್ಟಿನಲ್ಲಿ.

1986ರಲ್ಲಿ ವಾರಕ್ಕೆ ಎರಡೇ ಸಂಚಿಕೆಗಳು, ಮಂಗಳವಾರ ಮತ್ತು ಗುರುವಾರ, ಒಂದೊಂದೂ ಅರ್ಧ ಗಂಟೆ. ಭಾನುವಾರ ಮಧ್ಯಾಹ್ನ ಎರಡನ್ನೂ ಜೋಡಿಸಿ ಮರುಪ್ರಸಾರ. ಕನ್ನಡದ ದೈನಿಕ ಧಾರಾವಾಹಿಗೆ ಒಗ್ಗಿದ ಕಣ್ಣಿಗೆ ಮೊದಲು ಎದ್ದು ಕಾಣುವುದು ಇಲ್ಲಿಯ ಮೌನ. ಪಾತ್ರಗಳ ಮಾತಿನ ಹಿಂದೆ ಭಾವ ಹೆಚ್ಚಿಸುವ ಸಂಗೀತವಿಲ್ಲ, ಮುಖದಿಂದ ಮುಖಕ್ಕೆ ಹಾರುವ ಕ್ಯಾಮೆರಾ ಇಲ್ಲ. ಕೊನೆಯ ಮಾತು ಮುಗಿದ ಮರುಕ್ಷಣ ಡ್ರಮ್ಮಿನ ಪೆಟ್ಟುಗಳು ಬಿದ್ದು ಸೈಮನ್ ಮೇ ರಚಿಸಿದ ಶೀರ್ಷಿಕೆ ಸಂಗೀತ ಆರಂಭವಾಗುತ್ತದೆ, ಅಷ್ಟೆ. ಜಾಹೀರಾತಿನ ವಿರಾಮವೂ ಇಲ್ಲ. ಬಿಬಿಸಿಯ ಖರ್ಚು ನಡೆಯುವುದು ಟಿವಿ ಇರುವ ಮನೆಗಳು ಕಟ್ಟುವ ಪರವಾನಗಿ ಶುಲ್ಕದಿಂದ. ಆ ವರ್ಷ ಬಣ್ಣದ ಟಿವಿಗೆ ಅದು 58 ಪೌಂಡ್ ಇತ್ತು.

ಆ ಸಂಚಿಕೆಯಲ್ಲಿ ಅಷ್ಟಕ್ಕೂ ನಡೆದದ್ದೇನು? ಒಂದು ಮಾತಿನಲ್ಲಿ ಹೇಳಿ.

ಪಬ್ ನಡೆಸುವ ಡೆನ್ ವಾಟ್ಸ್ ಎಂಬುವನು ಕ್ರಿಸ್‌ಮಸ್ ದಿನ ತನ್ನ ಹೆಂಡತಿ ಆ್ಯಂಜಿಯ ಕೈಗೆ ವಿಚ್ಛೇದನದ ಅರ್ಜಿ ಸಲ್ಲಿಕೆಯಾಗಿದೆ ಎಂದು ತಿಳಿಸುವ ವಕೀಲರ ಪತ್ರವನ್ನು ಇಟ್ಟು, ಬೇಗನೆ ಒಬ್ಬ ವಕೀಲನನ್ನು ಹುಡುಕಿಕೋ ಎಂದು ಹೇಳಿ, ಹಬ್ಬದ ಶುಭಾಶಯ ಕೋರುತ್ತಾನೆ.

ಈ ಡೆನ್, ಆ್ಯಂಜಿ ಯಾರು? ಅವರಿಬ್ಬರದು ಮೊದಲಿಂದಲೂ ಜಗಳದ ಸಂಸಾರವೇ?

ಆಲ್ಬರ್ಟ್ ಸ್ಕ್ವೇರಿನ ಪಬ್ ಕ್ವೀನ್ ವಿಕ್ಟೋರಿಯಾ; ಜನರ ಬಾಯಲ್ಲಿ ‘ಕ್ವೀನ್ ವಿಕ್’, ಇನ್ನೂ ಚುಟುಕಾಗಿ ‘ವಿಕ್’. ಅದನ್ನು ನಡೆಸುವ ದಂಪತಿಯಾಗಿ ಲೆಸ್ಲಿ ಗ್ರಾಂಥಮ್ ಮತ್ತು ಅನಿತಾ ಡಾಬ್ಸನ್ ನಟಿಸಿದರು. ದತ್ತು ಮಗಳು ಶ್ಯಾರನ್ ಆಗಿ ಲೆಟೀಷಿಯಾ ಡೀನ್. ರೋಲಿ ಎಂಬ ಪೂಡಲ್ ನಾಯಿಯೂ ಮನೆಯ ಸದಸ್ಯನೇ.

ಧಾರಾವಾಹಿ ಆರಂಭವಾಗುವ ಹೊತ್ತಿಗೇ ದಾಂಪತ್ಯ ಒಳಗಿನಿಂದ ಟೊಳ್ಳಾಗಿತ್ತು. ಡೆನ್‌ಗೆ ಜ್ಯಾನ್ ಎಂಬ ಸ್ಥಿತಿವಂತ ಪ್ರೇಯಸಿ. ಆ್ಯಂಜಿಗೆ ಜಿನ್ನಿನ ಬಾಟಲಿ, ಜೊತೆಗೆ ಗಂಡನ ಮೇಲಿನ ಸೇಡಿಗಾಗಿ ಒಂದಷ್ಟು ಚೆಲ್ಲಾಟ. 1986ರ ಆರಂಭದಲ್ಲಿ ಅವಳು ಮಾತ್ರೆ ನುಂಗಿ ಸಾಯಲು ಯತ್ನಿಸಿ ಬದುಕುಳಿದಿದ್ದಳು. ಇದೆಲ್ಲಕ್ಕಿಂತ ದೊಡ್ಡ ಗುಟ್ಟು ಇನ್ನೊಂದಿತ್ತು: ಶ್ಯಾರನ್‌ಳ ಗೆಳತಿ, ಹದಿನಾರರ ಮಿಷೆಲ್ ಫೌಲರ್ ಹೆತ್ತ ಮಗುವಿನ ತಂದೆ ಡೆನ್. ಇದನ್ನು 1985ರ ಅಕ್ಟೋಬರಿನಲ್ಲಿ ವೀಕ್ಷಕರಿಗೆ ತಿಳಿಸಿದ ರೀತಿ ನೆನಪಿಡುವಂಥದ್ದು. ಮಗುವಿನ ತಂದೆ ಯಾರಿರಬಹುದು ಎಂದು ಹಲವು ಗಂಡಸರ ಮೇಲೆ ಅನುಮಾನ ಹುಟ್ಟಿಸಿ, ಕೊನೆಗೆ ಕಾಲುವೆಯ ಬಳಿ ಕಾಯುತ್ತಿರುವ ಮಿಷೆಲ್‌ಳ ಮುಂದೆ ಒಂದು ಕಾರು ಬಂದು ನಿಲ್ಲುತ್ತದೆ. ಮೊದಲು ಹೊರಗೆ ಬರುವುದು ರೋಲಿ. ಉಳಿದ ಪಾತ್ರಗಳಿಗೆ ಗೊತ್ತಿಲ್ಲದ್ದು ನೋಡುವವರಿಗೆ ಗೊತ್ತು ಎಂಬ ಈ ಉಪಾಯವೇ ಮುಂದಿನ ವರ್ಷದ ಕ್ರಿಸ್‌ಮಸ್ಸಿಗೂ ತಳಹದಿಯಾಯಿತು.

ಒಬ್ಬ ಪಬ್ ನಡೆಸುವವನ ಮನೆಯ ಜಗಳ ಇಡೀ ದೇಶದ ಮಾತಾದದ್ದು ಯಾಕೆ?

ಇಂಗ್ಲೆಂಡಿನ ಪಬ್ಬನ್ನು ನಮ್ಮ ಬಾರಿನ ಅರ್ಥದಲ್ಲಿ ನೋಡಿದರೆ ಈ ಕಥೆ ಅರ್ಧ ಮಾತ್ರ ತಿಳಿಯುತ್ತದೆ. ಅದನ್ನು ನಡೆಸುವವರು ಹೆಚ್ಚಾಗಿ ಗಂಡ ಹೆಂಡತಿ. ಕೆಳಗೆ ವ್ಯಾಪಾರ, ಮೇಲ್ಮಹಡಿಯಲ್ಲಿ ಸಂಸಾರ. ಕಟ್ಟಡ ಅನೇಕ ವೇಳೆ ಮದ್ಯ ತಯಾರಿಸುವ ಕಂಪನಿಯದು. ವಾಲ್‌ಫರ್ಡ್‌ನಲ್ಲಿ ಅದಕ್ಕೆ ಲಕ್ಸ್‌ಫರ್ಡ್ ಆ್ಯಂಡ್ ಕಾಪ್ಲಿ ಎಂಬ ಕಲ್ಪಿತ ಹೆಸರಿದೆ. ಹೀಗಾಗಿ ದಾಂಪತ್ಯ ಮುರಿದರೆ ಮುರಿಯುವುದು ಮನೆಯಷ್ಟೇ ಅಲ್ಲ, ಉದ್ಯೋಗ, ವಸತಿ, ಬೀದಿಯಲ್ಲಿನ ಸ್ಥಾನ ಎಲ್ಲವೂ.

ಬಾರಿನ ಹಿಂದೆ ನಿಂತ ಆ್ಯಂಜಿ ದಿನವೂ ನಗಬೇಕು. ಗಿರಾಕಿಗೆ ಅವಳ ನಗು ಲೋಟದ ಜೊತೆಗೇ ಬರಬೇಕಾದ ಸರಕು. ಅನಿತಾ ಡಾಬ್ಸನ್ ಅವರ ನಟನೆಯ ಹೆಚ್ಚುಗಾರಿಕೆ ಇರುವುದು ಇಲ್ಲಿಯೇ: ಮೆಟ್ಟಿಲಿಳಿದು ಬರುವಾಗಿನ ಮುಖ ಒಂದು, ಬಾಗಿಲು ದಾಟಿದ ಮೇಲಿನ ಮುಖ ಇನ್ನೊಂದು, ಎರಡರ ನಡುವೆ ಅರೆಕ್ಷಣವೂ ಇಲ್ಲ.

## ಕಥೆಯ ಒಳಗೆ

ಆ್ಯಂಜಿ ಯಾವ ಸುಳ್ಳು ಹೇಳಿದಳು? ಅಂಥ ಸುಳ್ಳು ಹೇಳುವ ಗತಿ ಯಾಕೆ ಬಂತು?

ತಾನಿನ್ನು ಆರೇ ತಿಂಗಳು ಬದುಕುವುದು ಎಂದು ಹೇಳಿದಳು.

1986ರ ಅಕ್ಟೋಬರ್ 16ರ ಸಂಚಿಕೆ ಅದು. ಜೇನ್ ಹಾಲೋವುಡ್ ಬರೆದು ಆಂಟೋನಿಯಾ ಬರ್ಡ್ ನಿರ್ದೇಶಿಸಿದ ಈ ಅರ್ಧ ಗಂಟೆಯನ್ನು ಡೆನ್ ಮತ್ತು ಆ್ಯಂಜಿ ಇಬ್ಬರೇ ತುಂಬುತ್ತಾರೆ. ಹತ್ತಾರು ಮನೆಗಳ ಕಥೆಗಳನ್ನು ಹೆಣೆಯುತ್ತ ಸಾಗುವುದೇ ಧಾರಾವಾಹಿಯ ಧರ್ಮವಾಗಿರುವಾಗ, ಉಳಿದ ಎಲ್ಲರನ್ನೂ ಹೊರಗಿಟ್ಟು ಒಂದು ಜೋಡಿಯನ್ನು ಮನೆಯೊಳಗೆ ಕೂಡಿಹಾಕುವುದು ಬ್ರಿಟಿಷ್ ಧಾರಾವಾಹಿಗಳಲ್ಲಿ ಅದುವರೆಗೆ ಯಾರೂ ಮಾಡದ ಸಾಹಸವಾಗಿತ್ತು. ಬಿಟ್ಟು ಹೋಗುತ್ತೇನೆ ಎಂದು ಹೇಳಲೆಂದೇ ಡೆನ್ ಬಂದಿರುತ್ತಾನೆ. ಆ್ಯಂಜಿ ಬೇಡುತ್ತಾಳೆ, ರೇಗುತ್ತಾಳೆ, ಕುಡಿಯುತ್ತಾಳೆ, ಹಳೆಯದನ್ನು ಕೆದಕುತ್ತಾಳೆ; ಯಾವುದೂ ಅವನನ್ನು ತಡೆಯುವುದಿಲ್ಲ. ಎಲ್ಲ ಅಸ್ತ್ರಗಳೂ ಮುಗಿದ ಮೇಲೆ, ಬಾಗಿಲಿನತ್ತ ಹೊರಟವನನ್ನು ನಿಲ್ಲಿಸಲು ಉಳಿದದ್ದು ಸಾವಿನ ಹೆಸರು ಮಾತ್ರ.

ಅವಳು ಮೊದಲೇ ಲೆಕ್ಕ ಹಾಕಿ ಈ ಸುಳ್ಳು ಹೇಳಿದಳು ಎಂದು ಕೆಲವರು ವಾದಿಸುವುದುಂಟು. ದೃಶ್ಯ ಹಾಗೆ ಹೇಳುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಮಾತು ಬಾಯಿಂದ ಜಾರಿದ ಮೇಲೆ ಅವಳಿಗೇ ಅದರ ತೂಕ ತಿಳಿಯುತ್ತದೆ, ಆಮೇಲೆ ಹಿಂದಕ್ಕೆ ಪಡೆಯುವ ದಾರಿಯಿರುವುದಿಲ್ಲ.

ಡೆನ್‌ಗೆ ನಿಜ ಗೊತ್ತಾದದ್ದು ಹೇಗೆ?

ಸಾಯುವ ಹೆಂಡತಿಗೆಂದು ಅವನು ವೆನಿಸ್ ಪ್ರವಾಸ ಏರ್ಪಡಿಸುತ್ತಾನೆ, ಎರಡನೆಯ ಮಧುಚಂದ್ರದಂತೆ. ಪ್ರೇಯಸಿ ಜ್ಯಾನ್ ಕೂಡ ಅದೇ ಊರಿನಲ್ಲಿ ಎದುರಾಗುವುದು ಧಾರಾವಾಹಿ ಲೋಕದ ನಿಯಮಕ್ಕೆ ತಕ್ಕಂತೆಯೇ ಇದೆ. ಮರಳುವಾಗ ಓರಿಯಂಟ್ ಎಕ್ಸ್‌ಪ್ರೆಸ್ ರೈಲಿನ ಬಾರಿನಲ್ಲಿ, ಕುಡಿದ ಆ್ಯಂಜಿ ಗುರುತು ಪರಿಚಯವಿಲ್ಲದ ಬಾರ್ ಕೆಲಸಗಾರನ ಮುಂದೆ ಮನಸ್ಸು ತೆರೆದು, ಕಾಯಿಲೆಯ ಕಥೆ ಸುಳ್ಳು ಎಂದು ಒಪ್ಪಿಕೊಳ್ಳುತ್ತಾಳೆ. ಅದು ಡೆನ್‌ನ ಕಿವಿಗೆ ಬೀಳುತ್ತದೆ. ವರ್ಷಗಟ್ಟಲೆ ಬಾರಿನ ಈಚೆ ನಿಂತು ಕಂಡವರ ಗುಟ್ಟುಗಳಿಗೆ ಕಿವಿಯಾದವಳು, ಬಾರಿನ ಆಚೆ ಬದಿಗೆ ಕುಳಿತ ದಿನವೇ ತನ್ನ ಗುಟ್ಟು ಕಳೆದುಕೊಂಡಳು.

ಗೊತ್ತಾದ ಮೇಲೂ ಕ್ರಿಸ್‌ಮಸ್‌ವರೆಗೆ ಸುಮ್ಮನಿದ್ದನಲ್ಲ, ಇದು ನಂಬುವ ಹಾಗಿದೆಯೇ?

ಮನುಷ್ಯನಾಗಿ ನಂಬುವುದು ತುಸು ಕಷ್ಟ. ಡೆನ್ ಎಂಬ ಮನುಷ್ಯನಾಗಿ ಸುಲಭ. ಪೆಟ್ಟು ತಿಂದ ತಕ್ಷಣ ಕೂಗಾಡುವವಳು ಆ್ಯಂಜಿ. ಪೆಟ್ಟನ್ನು ನುಂಗಿಕೊಂಡು, ಎದುರಾಳಿ ಪೂರ್ತಿ ನಿಶ್ಚಿಂತಳಾಗುವವರೆಗೆ ಕಾಯುವವನು ಡೆನ್. ಪಾತ್ರದ ಸ್ವಭಾವ ಮೊದಲ ವರ್ಷದಿಂದಲೂ ಹಾಗೆಯೇ ಬೆಳೆದು ಬಂದದ್ದರಿಂದ ಈ ಕಾಯುವಿಕೆ ತೇಪೆ ಹಚ್ಚಿದಂತೆ ಕಾಣುವುದಿಲ್ಲ.

ಬರವಣಿಗೆಯ ದೃಷ್ಟಿಯಿಂದ ನೋಡಿದರೆ ಸಂಚಿಕೆಯ ನಿಜವಾದ ಬಲ ಇರುವುದು ಆ ವಾರಗಳಲ್ಲಿ. ಡೆನ್‌ಗೆ ಗೊತ್ತಿದೆ ಎಂಬುದು ವೀಕ್ಷಕರಿಗೆ ಗೊತ್ತು, ಆ್ಯಂಜಿಗೆ ಮಾತ್ರ ಗೊತ್ತಿಲ್ಲ. ಆದ್ದರಿಂದ ಆ ನಡುವಿನ ಸಂಚಿಕೆಗಳಲ್ಲಿ ಅವನು ಅವಳಿಗೆ ತೋರುವ ಪ್ರತಿಯೊಂದು ಕಾಳಜಿಯೂ ನೋಡುವವರಿಗೆ ಬೆದರಿಕೆಯಂತೆ ಕೇಳಿಸುತ್ತದೆ. ಅವಳ ಸಂತೋಷ ಹೆಚ್ಚಿದಷ್ಟೂ ಅವರ ಸಂಕಟ ಹೆಚ್ಚುತ್ತದೆ. ವಾರಕ್ಕೆ ಎರಡೇ ಸಂಚಿಕೆಗಳಿದ್ದ ಕಾಲದಲ್ಲಿ, ನಡುವಿನ ಐದು ದಿನ ಕಚೇರಿ, ಕಾರ್ಖಾನೆ, ಬಸ್ಸುಗಳಲ್ಲಿ ಈ ಮಾತು ನಡೆಯಲು ಬೇಕಾದಷ್ಟು ಸಮಯವೂ ಸಿಗುತ್ತಿತ್ತು. ವಾರದ ಐದಾರು ದಿನ ಪ್ರಸಾರವಾಗುವ ಧಾರಾವಾಹಿಗೆ ಇಂಥ ಕಾಯುವಿಕೆಯನ್ನು ಕಟ್ಟುವುದು ಬಹಳ ಕಷ್ಟ, ಏಕೆಂದರೆ ಅದು ಪ್ರತಿದಿನವೂ ಏನಾದರೊಂದು ನಡೆಸಲೇಬೇಕು.

ಕ್ರಿಸ್‌ಮಸ್ ದಿನ ಕೋರ್ಟಿಗೆ ರಜೆ ಅಲ್ಲವೇ? ಆ ದಿನ ವಿಚ್ಛೇದನ ಕೊಡಲು ಹೇಗೆ ಸಾಧ್ಯ?

ಆ ದಿನ ವಿಚ್ಛೇದನ ಆಗಲಿಲ್ಲ. ಅರ್ಜಿಯನ್ನು ಅವನು ಮೊದಲೇ ಸಲ್ಲಿಸಿದ್ದ; ಕೈಗಿತ್ತದ್ದು ಅದನ್ನು ತಿಳಿಸುವ ಪತ್ರ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಆಗ ಜಾರಿಯಲ್ಲಿದ್ದ 1973ರ ಕಾಯ್ದೆಯ ಪ್ರಕಾರ ವ್ಯಭಿಚಾರ, ಸಹಿಸಲಾಗದ ನಡವಳಿಕೆ, ಪರಿತ್ಯಾಗ, ಅಥವಾ ಗೊತ್ತುಪಡಿಸಿದಷ್ಟು ವರ್ಷ ಬೇರೆ ಇದ್ದದ್ದು, ಇವುಗಳಲ್ಲಿ ಒಂದನ್ನಾದರೂ ತೋರಿಸಬೇಕಿತ್ತು. ಯಾರ ತಪ್ಪನ್ನೂ ಹೇಳದೆ, ವರ್ಷಗಟ್ಟಲೆ ಬೇರೆ ಇರದೆಯೂ ವಿಚ್ಛೇದನ ಪಡೆಯುವ ಅವಕಾಶ ಅಲ್ಲಿ ಬಂದದ್ದು 2022ರ ಏಪ್ರಿಲ್ 6ರಿಂದ. ಪರಸ್ತ್ರೀ ಸಹವಾಸದಲ್ಲಿದ್ದ ಡೆನ್‌ನೇ ಅರ್ಜಿದಾರನಾಗುವುದರಲ್ಲಿರುವ ವ್ಯಂಗ್ಯ ಅಂದಿನ ಕಾನೂನು ಬಲ್ಲ ವೀಕ್ಷಕರಿಗೆ ಇನ್ನಷ್ಟು ಚುಚ್ಚಿರಬೇಕು.

ಆ ದಿನ ಇವರಿಬ್ಬರ ಕಥೆ ಮಾತ್ರ ಇತ್ತೇ?

ಇಲ್ಲ, ಮತ್ತು ಇನ್ನೊಂದು ಕಥೆಯನ್ನು ಜನ ಮರೆಯುವುದು ನನಗೆ ಬೇಸರದ ಸಂಗತಿ. ಬಿಲ್ ಟ್ರೀಚರ್ ನಟಿಸಿದ ಆರ್ಥರ್ ಫೌಲರ್, ಮಿಷೆಲ್‌ಳ ತಂದೆ, ಕೆಲಸವಿಲ್ಲದ ಮನುಷ್ಯ. ನೆರೆಹೊರೆಯವರು ಹಬ್ಬಕ್ಕೆಂದು ಚೂರುಚೂರಾಗಿ ಕೂಡಿಟ್ಟ ಕ್ರಿಸ್‌ಮಸ್ ಚೀಟಿಯ ಹಣ ಅವನ ವಶದಲ್ಲಿತ್ತು. ಮಗಳ ಮದುವೆಯ ಖರ್ಚಿಗೆ ಅದನ್ನು ಬಳಸಿಕೊಂಡ. ಆ ಮದುವೆಯೋ, ವಧು ಕೊನೆಯ ಗಳಿಗೆಯಲ್ಲಿ ಹಿಂಜರಿದು ಅಂದು ನಡೆಯಲೇ ಇಲ್ಲ. ಕಳ್ಳತನದ ಭಾರ, ನಿರುದ್ಯೋಗದ ಅವಮಾನ ಎರಡೂ ಸೇರಿ ಆ ಕ್ರಿಸ್‌ಮಸ್ಸಿನಂದು ಅವನ ಮನಸ್ಸಿನ ಹಿಡಿತ ತಪ್ಪುತ್ತದೆ. ತನ್ನದೇ ಮನೆಯ ನಡುಕೋಣೆಯನ್ನು ಒಡೆದು ಹಾಕುತ್ತಾನೆ. ಮುಂದೆ ಅವನಿಗೆ ಜೈಲೂ ಆಗುತ್ತದೆ. ಬ್ರಿಟನ್ನಿನಲ್ಲಿ ಕೆಲಸವಿಲ್ಲದವರ ಸಂಖ್ಯೆ 30 ಲಕ್ಷ ದಾಟಿದ್ದ ಕಾಲವದು. ಅನೇಕ ಮನೆಗಳಿಗೆ ಡೆನ್‌ನ ಪತ್ರಕ್ಕಿಂತ ಆರ್ಥರ್‌ನ ಕೋಣೆಯೇ ಹತ್ತಿರದ್ದಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

## ಅಂಕಿಗಳ ಲೆಕ್ಕ

ಮೂರು ಕೋಟಿ ಜನ ನೋಡಿದರು ಎನ್ನುತ್ತಾರೆ. ನಿಜವೇ, ಉತ್ಪ್ರೇಕ್ಷೆಯೇ?

ಅಂಕಿ ನಿಜ, ಆದರೆ ಅದನ್ನು ಓದುವ ಕ್ರಮ ತಿಳಿದಿರಬೇಕು. ಬಿಬಿಸಿ ಆ ಕ್ರಿಸ್‌ಮಸ್ ಗುರುವಾರ ಎರಡು ಸಂಚಿಕೆಗಳನ್ನು ಪ್ರಸಾರ ಮಾಡಿತು: ಒಂದು ಸಂಜೆ, ಇನ್ನೊಂದು ರಾತ್ರಿ 10ಕ್ಕೆ. ವಿಚ್ಛೇದನದ ಸಂಚಿಕೆಗೆ ದಾಖಲಾಗಿರುವ ಸಂಖ್ಯೆ 3 ಕೋಟಿ 1.5 ಲಕ್ಷ. ಇದರಲ್ಲಿ ಮೂರು ದಿನಗಳ ನಂತರದ ಭಾನುವಾರದ ಮರುಪ್ರಸಾರವನ್ನು ನೋಡಿದವರೂ ಸೇರಿದ್ದಾರೆ. ಎರಡೂ ಸಲ ನೋಡಿದವರು ಎರಡು ಸಲ ಲೆಕ್ಕಕ್ಕೆ ಬಂದಿರುವ ಸಾಧ್ಯತೆಯಿರುವುದರಿಂದ, ದೇಶದ ಅರ್ಧಕ್ಕಿಂತ ಹೆಚ್ಚು ಜನ ಒಂದೇ ಹೊತ್ತಿಗೆ ಟಿವಿಯ ಮುಂದೆ ಕುಳಿತಿದ್ದರು ಎಂಬ ಜನಪ್ರಿಯ ಮಾತನ್ನು ಅಕ್ಷರಶಃ ತೆಗೆದುಕೊಳ್ಳಬಾರದು. ಬ್ರಿಟನ್ನಿನ ಜನಸಂಖ್ಯೆ ಆಗ ಸುಮಾರು 5.7 ಕೋಟಿ.

ಈ ಲೆಕ್ಕವನ್ನು ಕೊಡುವುದು 1981ರಿಂದ ಕೆಲಸ ಮಾಡುತ್ತಿರುವ ಬಾರ್ಬ್ ಎಂಬ ಸಂಸ್ಥೆ. ನಮ್ಮ ಟಿಆರ್‌ಪಿಯಂತೆಯೇ ಆಯ್ದ ಮನೆಗಳ ಟಿವಿಗೆ ಮೀಟರು ಅಳವಡಿಸಿ ಇಡೀ ದೇಶಕ್ಕೆ ಅಂದಾಜು ಮಾಡುವ ಪದ್ಧತಿ. ಇಷ್ಟೆಲ್ಲ ಕಳೆದರೂ, ಬ್ರಿಟಿಷ್ ಧಾರಾವಾಹಿಯೊಂದರ ಸಂಚಿಕೆಗೆ ದೊರೆತ ಅತಿ ದೊಡ್ಡ ಸಂಖ್ಯೆ ಇದೇ. ಒಂದೇ ಪ್ರಸಾರದ ಲೆಕ್ಕ ಬೇಕೆನ್ನುವವರು ‘ಓನ್ಲಿ ಫೂಲ್ಸ್ ಆ್ಯಂಡ್ ಹಾರ್ಸಸ್’ ಹಾಸ್ಯ ಸರಣಿಯ 1996ರ ಡಿಸೆಂಬರ್ ಸಂಚಿಕೆಯ 2 ಕೋಟಿ 43.5 ಲಕ್ಷವನ್ನು ಪಕ್ಕದಲ್ಲಿಟ್ಟು ನೋಡಬಹುದು.

ಆಗ ಬೇರೆ ಚಾನೆಲ್ಲುಗಳೇ ಇರಲಿಲ್ಲ, ಅದಕ್ಕೇ ಎಲ್ಲರೂ ಇದನ್ನೇ ನೋಡಿದರು. ಇದರಲ್ಲಿ ಹೆಚ್ಚುಗಾರಿಕೆ ಏನು?

ಚಾನೆಲ್ಲುಗಳು ನಾಲ್ಕೇ ಇದ್ದವು, ನಿಜ. ಸ್ಕೈ ಉಪಗ್ರಹ ಸೇವೆ ಬಂದದ್ದು 1989ರ ಫೆಬ್ರವರಿಯಲ್ಲಿ. ಕ್ರಿಸ್‌ಮಸ್ ದಿನ ಅಂಗಡಿ, ಸಾರಿಗೆ ಮುಚ್ಚಿ ಜನ ಮನೆಯಲ್ಲೇ ಇರುವುದೂ ನಿಜ. ಆದರೆ ಅದೇ ನಾಲ್ಕು ಚಾನೆಲ್ಲುಗಳಲ್ಲಿ, ಅದೇ ಹಬ್ಬದ ದಿನ, ಬೇರೆ ಎಷ್ಟೋ ಕಾರ್ಯಕ್ರಮಗಳು ಬಂದು ಹೋಗಿವೆ. ಪ್ರತಿಸ್ಪರ್ಧಿ ಐಟಿವಿಯ ‘ಕಾರೊನೇಶನ್ ಸ್ಟ್ರೀಟ್’, ಕಾಲು ಶತಮಾನದ ಅಭಿಮಾನಿ ಬಳಗವಿದ್ದ ಧಾರಾವಾಹಿ, ಮರುವರ್ಷ ಹಿಲ್ಡಾ ಆಗ್ಡನ್ ಪಾತ್ರದ ಬೀಳ್ಕೊಡುಗೆಯೊಂದಿಗೆ 2 ಕೋಟಿ 66.5 ಲಕ್ಷ ಮುಟ್ಟಿತು, ಅದರಾಚೆ ಹೋಗಲಿಲ್ಲ. ‘ಈಸ್ಟ್‌ಎಂಡರ್ಸ್’ಗೆ ಇನ್ನೂ ವರ್ಷ ತುಂಬದಿದ್ದಾಗಲೇ ಇವೆರಡರ ನಡುವೆ ಹೊಡೆದಾಟ ನಡೆದಿತ್ತು ಎನ್ನುವವರು ಐಟಿವಿಯ ಇನ್ನೊಂದು ಧಾರಾವಾಹಿ ‘ಎಮರ್‌ಡೇಲ್ ಫಾರ್ಮ್’ ಜೊತೆಗಿನ ಪೈಪೋಟಿಯನ್ನು ಇದರೊಂದಿಗೆ ಬೆರೆಸುತ್ತಾರೆ: ಐಟಿವಿ ಸಂಜೆ 7ಕ್ಕೆ ಅದನ್ನು ಎದುರು ನಿಲ್ಲಿಸಿದ್ದರಿಂದ, ಬಿಬಿಸಿ 1ರ ಹೊಣೆ ಹೊತ್ತಿದ್ದ ಮೈಕೆಲ್ ಗ್ರೇಡ್ 1985ರಲ್ಲಿ ‘ಈಸ್ಟ್‌ಎಂಡರ್ಸ್’ ಅನ್ನು 7.30ಕ್ಕೆ ಸರಿಸಿದರು. ವೀಕ್ಷಕರ ಸಂಖ್ಯೆ ಏರತೊಡಗಿದ್ದು ಆ ಬಳಿಕ.

ಈಗ ಅಷ್ಟು ಜನ ನೋಡುವುದಿಲ್ಲ ಯಾಕೆ?

ನೂರಾರು ಚಾನೆಲ್ಲುಗಳು, ಮೊಬೈಲು, ಬೇಕೆಂದಾಗ ನೋಡುವ ಸೌಲಭ್ಯ. ಇದರಲ್ಲಿ ವಿಶೇಷ ರಹಸ್ಯವೇನೂ ಇಲ್ಲ.

## ಆಮೇಲಿನ ಮಾತು

ಮುಂದೆ ಅವರಿಬ್ಬರೂ ಏನಾದರು?

ಆ್ಯಂಜಿ ಪಬ್ ಬಿಟ್ಟು, ಎದುರಾಳಿಯಾಗಿದ್ದ ಡ್ಯಾಗ್‌ಮಾರ್ ಎಂಬ ವೈನ್ ಬಾರಿನಲ್ಲಿ ಕೆಲಸಕ್ಕೆ ಸೇರಿದಳು. ಬಳಿಕ ಕ್ವೀನ್ ವಿಕ್‌ಗೆ ಮರಳಿದರೂ 1988ರ ಮೇ ತಿಂಗಳಲ್ಲಿ ವಾಲ್‌ಫರ್ಡನ್ನೇ ತೊರೆದಳು. 2002ರಲ್ಲಿ ಅವಳು ಕುಡಿತದಿಂದ ಬಂದ ಕಾಯಿಲೆಗೆ ಬಲಿಯಾದ ಸುದ್ದಿ ಬರುತ್ತದೆ, ಅವಳು ಮತ್ತೆ ತೆರೆಯ ಮೇಲೆ ಕಾಣಿಸಿಕೊಳ್ಳದೆಯೇ. ಸುಳ್ಳು ಕಾಯಿಲೆ ಹೇಳಿದವಳಿಗೆ ನಿಜವಾದ ಕಾಯಿಲೆಯನ್ನೇ ಕೊಟ್ಟದ್ದು ಬರಹಗಾರರ ಕ್ರೌರ್ಯವೋ ನ್ಯಾಯವೋ ಎಂಬ ಚರ್ಚೆ ಇಂದಿಗೂ ಇದೆ.

ಡೆನ್ 1989ರ ಫೆಬ್ರವರಿಯಲ್ಲಿ, ಮಿಷೆಲ್‌ಳನ್ನು ಭೇಟಿಯಾಗುತ್ತಿದ್ದ ಅದೇ ಕಾಲುವೆಯ ದಂಡೆಯಲ್ಲಿ, ಡ್ಯಾಫಡಿಲ್ ಹೂಗೊಂಚಲಲ್ಲಿ ಅಡಗಿಸಿದ್ದ ಪಿಸ್ತೂಲಿನ ಗುಂಡಿಗೆ ಗುರಿಯಾಗುತ್ತಾನೆ. ಸತ್ತನೆಂದೇ ಎಲ್ಲರೂ ನಂಬಿದ್ದಾಗ 2003ರಲ್ಲಿ ಮರಳಿ ಬಂದು ಶ್ಯಾರನ್‌ಳ ಎದುರು ನಿಲ್ಲುತ್ತಾನೆ. 2005ರ ಫೆಬ್ರವರಿಯಲ್ಲಿ, ಧಾರಾವಾಹಿಯ ಇಪ್ಪತ್ತನೆಯ ವರ್ಷಕ್ಕೆ, ಎರಡನೆಯ ಹೆಂಡತಿ ಕ್ರಿಸ್ಸಿ ಅವನನ್ನು ಕೊಂದು ಕ್ವೀನ್ ವಿಕ್‌ನ ನೆಲಮಾಳಿಗೆಯಲ್ಲಿ ಹೂಳುತ್ತಾಳೆ. ನಟ ಲೆಸ್ಲಿ ಗ್ರಾಂಥಮ್ 2018ರಲ್ಲಿ ತೀರಿಕೊಂಡರು.

ಡೆನ್ ಖಳನಾಯಕನೇ? ಸುಳ್ಳು ಹೇಳಿದವಳು ಆ್ಯಂಜಿ ತಾನೇ?

ಸಂಚಿಕೆ ಈ ಪ್ರಶ್ನೆಯನ್ನು ಬೇಕೆಂದೇ ಹೀಗೆ ಜೋಡಿಸಿದೆ. ಆ ಒಂದು ಘಟನೆಯನ್ನಷ್ಟೇ ತಕ್ಕಡಿಗೆ ಹಾಕಿದರೆ ಮೋಸ ಹೋದವನು ಡೆನ್. ಹಿಂದಿನ ಎರಡು ವರ್ಷಗಳನ್ನೂ ಸೇರಿಸಿದರೆ, ಇನ್ನೊಬ್ಬಳೊಡನೆ ಸಂಬಂಧವಿಟ್ಟು, ಮಗಳ ಗೆಳತಿಯ ಮಗುವಿನ ವಿಷಯವನ್ನು ಬಚ್ಚಿಟ್ಟವನಿಗೆ ಸತ್ಯದ ಬಗ್ಗೆ ಮಾತಾಡುವ ಹಕ್ಕು ಎಷ್ಟು ಎಂಬ ಪ್ರಶ್ನೆ ಏಳುತ್ತದೆ. ಪತ್ರಿಕೆಗಳು ಅವನನ್ನು ‘ಡರ್ಟಿ ಡೆನ್’ ಎಂದೇ ಕರೆದವು, ಆದರೂ ಓದುಗರಲ್ಲಿ ಅವನನ್ನು ಮೆಚ್ಚಿದವರಿಗೆ ಕೊರತೆಯಿರಲಿಲ್ಲ. ನನ್ನ ಮಟ್ಟಿಗೆ ಅವನ ತಪ್ಪು ವಿಚ್ಛೇದನ ಕೇಳಿದ್ದಲ್ಲ. ಅವಳು ಅತಿ ಹೆಚ್ಚು ಸುಖದಲ್ಲಿರುವ ದಿನವನ್ನೇ ಅದಕ್ಕೆ ಆರಿಸಿಕೊಂಡದ್ದು.

ಮನೆಮಂದಿಯೆಲ್ಲ ಕೂತು ನೋಡುವ ಹಬ್ಬದ ದಿನ ಇಂಥ ಕಥೆ ಬೇಕಿತ್ತೇ?

ಟಿವಿಯಲ್ಲಿ ನೀತಿಯ ಪರ ಹೋರಾಡುತ್ತಿದ್ದ ಮೇರಿ ವೈಟ್‌ಹೌಸ್ ಈ ಧಾರಾವಾಹಿಯ ವಿರುದ್ಧ, ಮಕ್ಕಳೂ ನೋಡುವ ಹೊತ್ತಿನಲ್ಲಿ ಇದು ಬರುತ್ತದೆಂಬ ಕಾರಣಕ್ಕೆ, ಮೊದಲಿನಿಂದಲೂ ದನಿಯೆತ್ತಿದ್ದರು. ಜನ ಮಾತ್ರ ತಮ್ಮ ತೀರ್ಪನ್ನು ರಿಮೋಟಿನಿಂದಲೇ ಕೊಟ್ಟರು. ಕ್ರಿಸ್‌ಮಸ್ ಎಂದರೆ ವಾಲ್‌ಫರ್ಡ್‌ನಲ್ಲಿ ಯಾರದೋ ಮನೆ ಮುರಿಯಲೇಬೇಕು ಎಂಬ ಪದ್ಧತಿಗೆ ಈ ಸಂಚಿಕೆ ಅಡಿಪಾಯ ಹಾಕಿತು. 2007ರಲ್ಲಿ ಮ್ಯಾಕ್ಸ್ ಮತ್ತು ಅವನ ಸೊಸೆ ಸ್ಟೇಸಿಯ ಗುಪ್ತ ಸಂಬಂಧ ಮನೆಮಂದಿಯೆಲ್ಲ ನೋಡುತ್ತಿದ್ದ ಡಿವಿಡಿಯಲ್ಲಿ ಬಯಲಾಯಿತು. 2023ರ ಕ್ರಿಸ್‌ಮಸ್‌ನಲ್ಲಿ ಕ್ವೀನ್ ವಿಕ್‌ನೊಳಗೇ ಕೀನು ಎಂಬುವನು ಕೊಲೆಯಾದ; ಅಂದು ಒಂದು ಹೆಣ ಬೀಳುತ್ತದೆಂಬ ಸುಳಿವನ್ನು ಫೆಬ್ರವರಿಯಲ್ಲೇ ತೋರಿಸಿ ಹತ್ತು ತಿಂಗಳು ಕಾಯಿಸಿದ್ದರು. ಆ ಕೋಣೆಯಲ್ಲಿದ್ದ ಹೆಂಗಸರಲ್ಲಿ ಶ್ಯಾರನ್ ಕೂಡ ಒಬ್ಬಳು, ನಟಿಯೂ ಅದೇ ಲೆಟೀಷಿಯಾ ಡೀನ್.

ಹಾಗಾದರೆ ಇದೇ ಧಾರಾವಾಹಿಯ ಅತ್ಯುತ್ತಮ ಸಂಚಿಕೆ ಎನ್ನಬಹುದೇ?

ಅತ್ಯಂತ ಪ್ರಸಿದ್ಧ ಎನ್ನಬಹುದು. ಅತ್ಯುತ್ತಮ ಯಾವುದೆಂದು ಕೇಳಿದರೆ ನಾನು ಅಕ್ಟೋಬರ್ 16ರ ಇಬ್ಬರ ಸಂಚಿಕೆಯನ್ನೇ ಹೆಸರಿಸುತ್ತೇನೆ. ಕ್ರಿಸ್‌ಮಸ್ಸಿನದು ಅಲ್ಲಿ ಬಿತ್ತಿದ್ದನ್ನು ಕೊಯ್ದ ಸಂಚಿಕೆ. ಆ ಪ್ರಯೋಗ ಗೆದ್ದದ್ದರಿಂದಲೇ 1987ರಲ್ಲಿ ಡಾಟ್ ಮತ್ತು ಎಥೆಲ್ ಎಂಬ ಇಬ್ಬರು ವಯಸ್ಸಾದ ಹೆಂಗಸರ ಮಾತುಕತೆಗೇ ಒಂದು ಸಂಚಿಕೆ ಮೀಸಲಾಯಿತು. 2008ರ ಜನವರಿ 31ರಂದು ಜೂನ್ ಬ್ರೌನ್ ಒಬ್ಬರೇ, ಆಸ್ಪತ್ರೆಯಲ್ಲಿರುವ ಗಂಡನಿಗಾಗಿ ಟೇಪ್ ರೆಕಾರ್ಡರಿನಲ್ಲಿ ಮಾತು ತುಂಬುವ ಡಾಟ್ ಆಗಿ ಇಡೀ ಅರ್ಧ ಗಂಟೆಯನ್ನು ಹೊತ್ತು ನಡೆಸಿದರು.

ಈಗ ನೋಡಬೇಕೆಂದಿದ್ದೇನೆ. ಎಲ್ಲಿಂದ ಶುರು ಮಾಡಲಿ?

ನೇರವಾಗಿ ಕ್ರಿಸ್‌ಮಸ್ ಸಂಚಿಕೆಗೆ ಹೋಗಬೇಡಿ. ಅದೊಂದನ್ನೇ ನೋಡಿದವರು ಇದಕ್ಕೇ ಇಷ್ಟು ಗದ್ದಲವೇ ಎಂದು ಕೇಳುತ್ತಾರೆ, ಅವರ ಕೇಳಿಕೆಯೂ ತಪ್ಪಲ್ಲ. ಅಕ್ಟೋಬರ್ 16ರದು ಮೊದಲು, ವೆನಿಸ್ ಮತ್ತು ರೈಲಿನ ಸಂಚಿಕೆಗಳು ಆಮೇಲೆ, ನಂತರದ ವಾರಗಳ ಒಂದೆರಡಾದರೂ ಸಂಚಿಕೆಗಳನ್ನು ನೋಡಿ ಕ್ರಿಸ್‌ಮಸ್ಸಿಗೆ ಬನ್ನಿ. ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗರಿಗೆ, ಅಲ್ಲಿಯ ಡ್ರಾಮಾ (ಈಗ ಯು ಆ್ಯಂಡ್ ಡ್ರಾಮಾ) ವಾಹಿನಿ 2018ರಿಂದ ಹಳೆಯ ಸಂಚಿಕೆಗಳ ಮರುಪ್ರಸಾರ ಆರಂಭಿಸಿದ ಮೇಲೆ ಕೆಲಸ ಸುಲಭವಾಗಿದೆ. ಪೂರ್ವ ಲಂಡನ್ನಿನ ಕಾಕ್ನಿ ಉಚ್ಚಾರ, ಅದರಲ್ಲೂ ಸಿಟ್ಟಿನಲ್ಲಿರುವ ಆ್ಯಂಜಿಯದು, ಮೊದಲ ಕೆಲವು ನಿಮಿಷ ಕಿವಿಗೆ ಹತ್ತುವುದಿಲ್ಲ. ಅಡಿಬರಹ ಹಾಕಿಕೊಂಡು ನೋಡುವುದು ಒಳ್ಳೆಯದು.